ಅರವತ್ತೆರಡು ಡಿಗ್ರಿ

ಗಿರಣಿ ಶಟರ್ ಬಿದ್ದದ್ದು ಮಂಗಳಾರ.
ಹಿಟ್ಟಿನ ಡಬ್ಬಿ ಎಡಗೈಯಾಗಿತ್ತು, ಚೆಲ್ಲಲಿಲ್ಲ.
ಬಲಗೈ ಹೊಸ್ತಿಲ ಮ್ಯಾಲಿತ್ತು.
ನಡುಬೆರಳು, ಉಂಗುರಬೆರಳು
ಎರಡೂ ಮುರುದ್ವು, ಒಣ ತೊಗರಿಕಟ್ಟಿಗಿ ಮುರದಂಗ.
ಜನ ಓಡಿ ಬಂದ್ರು. ನಾ ಮೊದ್ಲು ಕೇಳಿದ್ದು,
"ಹಿಟ್ಟು ಯಾರ ಒಯ್ತೀರಿ ಮನಿಗಿ?"

ದೊಡ್ಡ ದವಾಖಾನ್ಯಾಗ ತಂತಿ ಹಾಕಿದ್ರು,
ಆರು ವಾರ ಬಿಟ್ಟು ತೆಗದ್ರು.
ಎಕ್ಸರೇ ಬೆಳಕಿಗಿ ಹಿಡ್ದು ಡಾಕ್ಟರ್ ಅಂದ,
"ಎಲುಬು ಕೂಡ್ಯಾವ."
ಕೂಡಿದ್ವು, ಖರೇ.
ಮುಷ್ಟಿ ಕಟ್ಟು ಅಂದ್ರ ಮೂರು ಬೆರಳು ಒಳಗ ಬಂದ್ವು,
ಎರಡು ಬಾಗಿಲದಾಗೇ ನಿಂತ್ವು,
ಬೀಗರ ಮನಿಗಿ ಬಂದು ಚಪ್ಪಲಿ ಕಳೀಲಾರದವರಂಗ.

ಕೆಳಗಿನ ಕೋಣಿಗಿ ಕಳಸಿದ್ರು, ಲಿಫ್ಟಿನ ಬಾಜು.
ಬಟ್ಟಿ ಚಿಮಟಿ, ನಟ್ಟು, ಬೋಲ್ಟು, ಬಣ್ಣದ ಮಣಿ,
ಅಂಗನವಾಡಿ ಇದ್ದಂಗಿತ್ತು.
ಎದುರಿಗಿ ಶಹಾಬಾದದ ಚಂದ್ರಶಾ,
ಫರಸಿ ಬಿದ್ದು ತೋರುಬೆರಳಿನ ತುದಿ ಹೋದವ,
ತೊಗರಿಕಾಳು ಒಂದೊಂದೇ ಹೆಕ್ಕಿ
ಬಟ್ಟಲದಾಗ ಹಾಕ್ಲತ್ತಿದ್ದ.
ಅಷ್ಟಷ್ಟು ಕಲ್ಲು ಎತ್ತಿದ ಕೈ
ಒಂದು ಕಾಳಿಗಿ ಬೆವತಿತ್ತು.
ಯಾರೂ ನಗಲಿಲ್ಲ.

ಅಮಿತಾ ಮೇಡಂ, ಕುಂದಾಪುರ ಕಡಿ ಹುಡುಗಿ,
ಎರಡು ಪಟ್ಟಿ ಕೂಡಿಸಿದ ಅಳತಿ ಬೆರಳ ಮ್ಯಾಲಿಟ್ಟು
ಬರೆದಳು, ಮೂವತ್ತೊಂದು ಡಿಗ್ರಿ.
ಕಲಬುರಗಿ ಬಿಸಿಲಿಗಿ ಡಿಗ್ರಿ ಕೇಳಿದ್ದೆ,
ಜ್ವರಕ್ಕ ಕೇಳಿದ್ದೆ.
ಬೆರಳಿಗೂ ಇರ್ತದಂತ ಅವತ್ತೇ ಗೊತ್ತಾಗಿದ್ದು.

ಪೆನ್ನು ಕೆಳಗಿಟ್ಟು ಕೇಳಿದಳು,
"ಈ ಕೈಯಿಂದ ನಿಮಗೆ ಏನು ಮಾಡಬೇಕು ಅಂತಿದೆ?"
ಹಂಗ ಯಾರೂ ಕೇಳಿಲ್ಲ ನನಗ.
ಮಾಡು ಅಂದಾರ. ಯಾಕ ಮಾಡಿಲ್ಲ ಅಂದಾರ.
ಸೆರಗು ಸರಿಮಾಡ್ಕೊಂಡೆ, ಗ್ವಾಡಿ ನೋಡಿದೆ,
ಕಡೀಕ ಅಂದೆ, ರೊಟ್ಟಿ.
ದಿನಕ್ಕ ನೂರೈವತ್ತು. ಹಾಸ್ಟೆಲಿಗಿ.

ಆಕಿಗಿ ತಿನ್ನಾದು ಗೊತ್ತು, ಬಡ್ಯಾದು ಗೊತ್ತಿಲ್ಲ.
ಹಸಿರು ರಬ್ಬರ್ ಮಣ್ಣು ಕೊಟ್ಟು "ಹಿಚುಕಿ" ಅಂದಳು.
ನಾ ಹಿಚುಕಲಿಲ್ಲ, ನಾದಿದೆ.
ಜಿಗಿ ಇತ್ತು, ವಾಸನಿ ಇರಲಿಲ್ಲ.
ಮರುದಿನ ನಾನೇ ಒಯ್ದೆ
ಚೀಲದಾಗ ಜ್ವಾಳದ ಹಿಟ್ಟು, ಥರ್ಮಾಸಿನಾಗ ಎಸರು.
ಆಕಿ ನನ್ನ ಮೊಣಕೈ ನೋಡಿದಳು, ಮಣಿಕಟ್ಟು ನೋಡಿದಳು,
"ಇನ್ನೊಮ್ಮೆ, ನಿಧಾನ" ಅಂತ ವಹಿಯಾಗ ಗೆರಿ ಹಾಕಿದಳು.
ನಡೂಕ ತಾನೂ ಒಂದು ಉಂಡಿ ತಗೊಂಡು ಬಡದಳು,
ಹರಕೊಂಡಿತು.
ಚಂದ್ರಶಾ ಅವಾಗ ನಕ್ಕ.

ಬಿಸಿ ಮೇಣದಾಗ ಕೈ ಅದ್ದೋದು,
ಚಿಮಟಿ ಒತ್ತೋದು,
ರಾತ್ರಿ ಪ್ಲಾಸ್ಟಿಕ್ ಪಟ್ಟಿ ಬಿಗದು ಮಲಗೋದು.
ನಲವತ್ತು. ನಲವತ್ತೆಂಟು.
ಮತ್ತ ನಲವತ್ತೆಂಟು.
ಆ ವಾರ ನಾ ಹೋಗಲಿಲ್ಲ.
ಫೋನ್ ಬಂತು,
"ಹಿಟ್ಟಿಗೆ ಹುಳ ಬೀಳ್ತದೆ ಅಮ್ಮ, ಬನ್ನಿ."

ಅರವತ್ತೆರಡಕ್ಕ ನಿಂತಿತು.
ಇನ್ನ ಹೆಚ್ಚಿಗಿ ಬರಲಿಕ್ಕಿಲ್ಲ ಅಂದಳು,
ಕಣ್ಣು ತಪ್ಪಸಲಾರದ.
ಚೊಲೋ ಆಯ್ತು. ಸುಳ್ಳು ಹೇಳಿದ್ರ
ನಾ ಇನ್ನೂ ಕಾಯ್ತಿದ್ದೆ.

ಈಗ ನಸುಕಿನ್ಯಾಗ ಬಡೀಲಾಕ ಕುಂದ್ರತೀನಿ.
ನೂರೈವತ್ತಲ್ಲ, ಎಂಬತ್ತು.
ಮೊದ್ಲು ತಟ ತಟ ತಟ ತಟ ಒಂದೇ ಸಮ.
ಈಗ ತಟ ತಟ, ಸ್ವಲ್ಪ ತಡದು, ತಟ.
ರೊಟ್ಟಿ ಒಂದು ಕಡಿ ಅಂಚಿನ್ಯಾಗ ದಪ್ಪ ಉಳೀತದ,
ಹಾಸ್ಟೆಲ್ಲಿನವರು ಎರಡು ಸರ್ತಿ ಹೇಳಿ ಕಳಸ್ಯಾರ.

ಬಾಜು ಮನಿ ಖುರ್ಷಿದಾಬೀ
ಗ್ವಾಡಿ ಆಚಿಂದ ಕೇಳಿದಳು ಮೊನ್ನಿ,
"ಮಹಾನಂದಾ, ನಿನ್ನ ಸಪ್ಪಳ ಅಲ್ಲಿದು.
ಯಾರನ್ನರ ಹಚ್ಚೀಯೇನ ಕೆಲಸಕ್ಕ?"
ಹೌದು ಅಂದೆ, ಇಬ್ಬರನ್ನ ಹಚ್ಚೀನಿ.
ಹೊಸಬರು.
ಇನ್ನಾ ಕಲೀಲತ್ತಾರ.